ವಿಜಯಪುರದ ಹೆಣ್ಣುಮಕ್ಕಳಿಗೆ ಹೊಲಿಗೆ ಮಷಿನ್ ಕೊಡಲಾ ಅಂತ ಕೇಳಿದವರಿಗೆ

ನಮಸ್ಕಾರ ಸರ್. ವಿಜಯಪುರದ ಮುಸ್ಲಿಂ ಹೆಣ್ಣುಮಕ್ಕಳಿಗೆ ಹೊಲಿಗೆ ಮಷಿನ್ ಕೊಡಿಸಬೇಕು ಅಂತ ಕೇಳಿದ್ದೀರಿ. ನಿಮ್ಮ ಕಾಳಜಿ ದೊಡ್ಡದು, ಆದರೆ ದಯವಿಟ್ಟು ಮಷಿನ್ ಬೇಡ. ನಮ್ಮ ಓಣಿಯಲ್ಲಿ ಮಷಿನ್ ಇಲ್ಲದ ಮನೆ ಹುಡುಕಬೇಕು. ಸೀರೆಗೆ ಫಾಲ್ ಹಚ್ಚುವುದು, ಪಿಕೋ, ಕುಚ್ಚು ಕಟ್ಟುವುದು, ಬ್ಲೌಸ್ ಹೊಲಿಯುವುದು ಎಲ್ಲ ನಡೆದೇ ಇದೆ. ಬಟ್ಟೆ ತಂದುಕೊಡುವವನೇ ರೇಟು ಹೇಳುತ್ತಾನೆ, ನಮ್ಮ ಖಾಲಾಗಳು (ಚಿಕ್ಕಮ್ಮಂದಿರು) ಅಷ್ಟಕ್ಕೇ ಹೊಲಿದು ಕೊಡುತ್ತಾರೆ. ಅದೇ ಕೆಲಸಕ್ಕೆ ಪೇಟೆಯಲ್ಲಿ ಗಿರಾಕಿ ಎಷ್ಟು ಕೊಡುತ್ತಾರೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ ಬಾಯಿಬಿಟ್ಟು ಕೇಳುವುದಿಲ್ಲ, ಕೇಳಿದರೆ ನಾಳೆ ಬಟ್ಟೆ ಪಕ್ಕದ ಮನೆಗೆ ಹೋಗುತ್ತದೆ. ದುಡಿಯುವ ಮುಸ್ಲಿಂ ಹೆಂಗಸರಲ್ಲಿ ಹೆಚ್ಚಿನವರು ಮನೆಯೊಳಗೇ ಕೂತು ದುಡಿಯುತ್ತಾರೆ ಅಂತ ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ಮಾಡಿದ್ದ ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಅವರ ಕೈಗೆ ಬರುವ ದುಡ್ಡು ಜಾಸ್ತಿ ಆಗಬೇಕೇ ಹೊರತು ಮಷಿನ್ ಅಲ್ಲ.

'ಅವರು ಓದುವುದೇ ಇಲ್ಲವಲ್ಲ' ಅಂದಿದ್ದೀರಿ. ಹಾಗಲ್ಲ ಸರ್. ಬೆಳಿಗ್ಗೆ ನಮ್ಮ ಬಸ್ ನಿಲ್ದಾಣಕ್ಕೆ ಬಂದು ನೋಡಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಬಸ್ಸುಗಳಿಂದ ಇಳಿಯುವ ಕಾಲೇಜು ಹುಡುಗಿಯರಲ್ಲಿ ಬುರ್ಖಾ ಹಾಕಿದವರೂ ಇದ್ದಾರೆ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಇರುವುದೇ ನಮ್ಮಲ್ಲಿ, ಪಕ್ಕದ ತೊರವಿಯಲ್ಲಿ. 2003ರಲ್ಲಿ ಶುರುವಾಯಿತು, 2017ರಲ್ಲಿ ಅಕ್ಕಮಹಾದೇವಿ ಹೆಸರು ಬಂತು. ಬರೀ ಹೆಣ್ಣುಮಕ್ಕಳು ಇರುವ ಕಾಲೇಜು ಅಂದರೆ ಅಬ್ಬಾಗಳು (ಅಪ್ಪಂದಿರು) ಬೇಗ ಒಪ್ಪುತ್ತಾರೆ, ಇದು ನಾನು ನೋಡಿದ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಚಾರ್ಜೂ ಇಲ್ಲ. ಆದರೆ ಅದು ಕರ್ನಾಟಕದೊಳಗೆ ಮಾತ್ರ, ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಓದಲು ಹೋಗುವ ಗಡಿ ಊರಿನ ಹುಡುಗಿಗೆ ಅದರ ಲಾಭ ಪೂರ್ತಿ ಸಿಗುವುದಿಲ್ಲ.

ಓದು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ. ಮನೆಯಲ್ಲಿ ನಾವು ಮಾತಾಡುವುದು ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಎಷ್ಟೋ ಮಕ್ಕಳು ಮೊಹಲ್ಲಾದ ಉರ್ದು ಸಾಲಿಗೆ ಹೋಗುತ್ತಾರೆ. ಮನೆಗೆ ಹತ್ತಿರ, ಟೀಚರ್ ಕೂಡ ಪರಿಚಯದವರು. ಎಸ್ಸೆಸ್ಸೆಲ್ಸಿ ತನಕ ಉರ್ದುವಿನಲ್ಲೇ ಬರೆಯಬಹುದು. ಪಿಯುಸಿಗೆ ಬಂದ ದಿನ ಎಲ್ಲ ಉಲ್ಟಾ. ವಿಜ್ಞಾನ ತಗೊಂಡರೆ ಇಂಗ್ಲಿಷ್, ಆರ್ಟ್ಸ್ ತಗೊಂಡರೆ ಹೆಚ್ಚಾಗಿ ಕನ್ನಡ. ಹತ್ತರಲ್ಲಿ ಚೆನ್ನಾಗಿ ಅಂಕ ತೆಗೆದ ಹುಡುಗಿ ಮೊದಲ ಟೆಸ್ಟಿನಲ್ಲಿ ಫೇಲಾಗಿ ಅಳುತ್ತಾ ಬರುತ್ತಾಳೆ. ಸರಿಯಾಗಿ ಅದೇ ಹೊತ್ತಿಗೆ ಮನೆಗೆ ರಿಶ್ತಾ (ಮದುವೆ ಸಂಬಂಧ) ಬರುತ್ತದೆ. 'ಹೆಂಗೂ ಫೇಲಾಗಿದ್ದಾಳೆ' ಅನ್ನುವ ಮಾತು ಒಂದು ಸಾಕು.

ಮುಂದೆ ಸರ್ಕಾರಿ ನೌಕರಿ ಪರೀಕ್ಷೆ ಬರೆಯುವಾಗಲೂ ಕನ್ನಡವೇ ತಡೆಯುತ್ತದೆ. ಉರ್ದು ಸಾಲಿ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು ಮೊದಲ ಅಕ್ಷರ ಕಲಿತದ್ದು ಅಲ್ಲೇ. ಆದರೆ ಅಲ್ಲಿ ಕನ್ನಡವನ್ನು ಐದನೇ ಕ್ಲಾಸಿನಿಂದಲೇ ಗಟ್ಟಿಯಾಗಿ ಕಲಿಸಿದ್ದರೆ ಈ ಹುಡುಗಿ ಬೀಳುತ್ತಿರಲಿಲ್ಲ.

2022ರ ಹಿಜಾಬ್ ಗಲಾಟೆಯನ್ನೂ ಕೇಳಿದ್ದೀರಿ. ಕ್ಲಾಸಿನಲ್ಲಿ ಹಿಜಾಬ್ ಬೇಡ ಅನ್ನುವ ಆದೇಶವನ್ನು ಹೈಕೋರ್ಟ್ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದರು. ಆ ಹೊತ್ತಿಗೆ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರ ವರ್ಷ ಹೋಗಿಯೇ ಬಿಟ್ಟಿತ್ತು. ನನಗೆ ಈಗಲೂ ಸಿಟ್ಟು ಇರುವುದು ಅದಕ್ಕೇ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ಹುಡುಗರು ಓದು ಬಿಟ್ಟು ಬೇಗ ಗ್ಯಾರೇಜು, ವೆಲ್ಡಿಂಗು, ಹಣ್ಣಿನ ಗಾಡಿ ಅಂತ ದುಡಿಯಲು ಹೋಗುತ್ತಾರೆ, ಕೆಲವರು ಪುಣೆ, ಗೋವಾ ಅಂತ ಊರೇ ಬಿಡುತ್ತಾರೆ. ಹುಡುಗಿ ಬಿ.ಎಡ್. ಮುಗಿಸಿರುತ್ತಾಳೆ, ನೋಡಲು ಬಂದವನು ಹತ್ತು ಫೇಲು. ಅವಳ ತಂಗಿಯನ್ನು ಓದಿಸಲು ಮನೆಯವರು ಆಗ ಹಿಂದೆ ಮುಂದೆ ನೋಡುತ್ತಾರೆ. ಓದಿದವಳಿಗೆ ಕೈತುಂಬ ಸಂಬಳ ಬಂದರೆ ಈ ಲೆಕ್ಕ ತಾನೇ ತಿರುಗುತ್ತದೆ. ಬರುವುದಿಲ್ಲವಲ್ಲ, ಅದೇ ಸಂಕಟ. ಖಾಸಗಿ ಶಾಲೆಯ ಟೀಚರ್ ಸಂಬಳ ಕೇಳಿದರೆ ನಿಮಗೆ ಬೇಜಾರಾದೀತು. ಸ್ವಲ್ಪ ದಾರಿ ತೆರೆದಿರುವುದು ಆಸ್ಪತ್ರೆಗಳಲ್ಲಿ. ಇಲ್ಲಿ ಅಲ್ ಅಮೀನ್ ಮತ್ತು ಬಿಎಲ್‌ಡಿಇ ಅಂತ ಎರಡು ಮೆಡಿಕಲ್ ಕಾಲೇಜು ಇವೆ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದವರಿಗೆ ಊರಲ್ಲೇ ಕೆಲಸ ಸಿಗುವ ಆಸೆ ಇದೆ.

ಹಾಗಾಗಿ ನಿಮ್ಮ ದುಡ್ಡಿನಲ್ಲಿ ಎರಡು ಕೆಲಸ ಮಾಡಿ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಉರ್ದು ಮಾಧ್ಯಮದ ಹುಡುಗಿಯರಿಗೆ ಎರಡು ತಿಂಗಳು ಕನ್ನಡ, ಇಂಗ್ಲಿಷ್ ಪಾಠ ಇಡಿಸಿ, ಮೊಹಲ್ಲಾದೊಳಗೇ, ಕಲಿಸುವವರು ಹೆಂಗಸರೇ ಇರಲಿ. ಹೊಲಿಯುವ ಖಾಲಾಗಳಿಗೆ ಶಾಲೆ ಯೂನಿಫಾರ್ಮಿನ ಆರ್ಡರ್ ನೇರವಾಗಿ ತಂದುಕೊಡಿ, ದುಡ್ಡು ಅವರದೇ ಖಾತೆಗೆ ಹಾಕಿ, ಗಂಡನ ಖಾತೆಗೆ ಬೇಡ. ಪಾಠ ಹೇಳುವವರನ್ನು ನಾನು ಹುಡುಕಿ ಕೊಡುತ್ತೇನೆ. ಏಪ್ರಿಲ್‌ಗೆ ಮೊದಲೇ ತಿಳಿಸಿ, ಫಲಿತಾಂಶ ಬಂದ ಮೇಲೆ ಅವರನ್ನು ಒಟ್ಟುಗೂಡಿಸುವುದು ಕಷ್ಟ.