‘ಅನಿಯಮಿತ’ ಎಂದವರ ಮಿತಿಯನ್ನು ಕೇಳಿ

ನಮಸ್ಕಾರ. ಡೊಂಬಿವಲಿಯ ನಿಮ್ಮ ಮನೆಗೆ ಅನಿಯಮಿತ ಬ್ರಾಡ್‌ಬ್ಯಾಂಡ್ ಹಾಕಿಸಿದ ಮೇಲೆ ಪ್ರತಿ ತಿಂಗಳ ಕೊನೆಗೆ ವೇಗ ಕುಸಿಯುತ್ತಿದೆ, ಕೇಬಲ್ ಹಾಳಾಗಿದೆಯೇ ಎಂದು ಕೇಳಿದ್ದೀರಿ. ತಿಂಗಳ ಕೊನೆಗೆ ಮಾತ್ರ ಹಾಗಾಗುತ್ತಿದ್ದರೆ ಕೇಬಲ್ ಬದಲಿಸಲು ಹೋಗಬೇಡಿ, ಮೊದಲು ಬಳಕೆಯ ಲೆಕ್ಕ ನೋಡಿ. ಮುಲುಂಡಿನ ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಕಂಪನಿಯವರು ಎರಡು ಬಾರಿ ರೂಟರ್ ಬದಲಿಸಿದರು, ಮಿತಿಯ ಮಾತನ್ನು ಮಾತ್ರ ಎತ್ತಲಿಲ್ಲ. ನನಗೆ ಈಗಲೂ ಸಿಟ್ಟಿರುವುದು ಅದಕ್ಕೇ.

ಇಂತಹ ಹಲವು ಯೋಜನೆಗಳಿಗೆ ತಿಂಗಳಿಗೆ 3300 ಜಿಬಿ ಮಿತಿ ಇರುತ್ತದೆ, ಅದು ಮುಗಿದ ಮೇಲೆ ವೇಗ ಇಳಿಸುತ್ತಾರೆ. ಸಾಮಾನ್ಯ ಕುಟುಂಬಕ್ಕೆ ಆ ಮಿತಿ ಧಾರಾಳ, ನಿಜ. ಆದರೆ 100 ಎಂಬಿಪಿಎಸ್ ಪೂರ್ಣ ವೇಗದಲ್ಲಿ ನಿರಂತರ ಬಳಸಿದರೆ ಸುಮಾರು 73 ಗಂಟೆಯಲ್ಲಿ ಮುಗಿಯುತ್ತದೆ. ಮಿತಿಯಿರುವುದನ್ನು ಅನಿಯಮಿತ ಎಂದು ಮಾರುವುದು ಶುದ್ಧ ಸುಳ್ಳು. ನಿಮ್ಮ ಮನೆಯ ಸಿಸಿಟಿವಿ ದೃಶ್ಯಗಳು ಹಗಲಿರುಳು ಕ್ಲೌಡ್‌ಗೆ ಹೋಗುತ್ತಿವೆಯೇ ಎಂಬುದನ್ನೂ ನೋಡಿ, ಅಪ್‌ಲೋಡ್ ಕೂಡ ಲೆಕ್ಕಕ್ಕೆ ಸೇರಬಹುದು.

ಬಳಕೆ ಮಿತಿಯ ಶೇ 50, 90 ಮತ್ತು 100 ತಲುಪಿದಾಗ ಗ್ರಾಹಕರಿಗೆ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲಿ ನಿರ್ದೇಶನ ನೀಡಿದೆ. ನಿಮಗೆ ಸಂದೇಶ ಬಂದಿಲ್ಲವಾದರೆ ದೂರಿನಲ್ಲಿ ಅದನ್ನೇ ಮುಂದಿಡಿ. ಜಾಹೀರಾತಿನ ಚಿತ್ರ ತೆಗೆದಿಟ್ಟುಕೊಳ್ಳಿ. ಮುಖ್ಯ ಹೇಳಿಕೆಗೆ ವಿರುದ್ಧವಾದ ಷರತ್ತನ್ನು ಸಣ್ಣಕ್ಷರದಲ್ಲಿ ತುರುಕುವುದಕ್ಕೆ 2022ರ ಜಾಹೀರಾತು ಮಾರ್ಗಸೂಚಿ ಅವಕಾಶ ಕೊಡುವುದಿಲ್ಲ. ದೂರನ್ನು ಮೊದಲು ಕಂಪನಿಗೇ ಕೊಟ್ಟು ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅವರ ಮೇಲ್ಮನವಿ ಪ್ರಾಧಿಕಾರವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟ್ರಾಯ್ ವೈಯಕ್ತಿಕ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ.