ತೋಟದಲ್ಲಿ ಬೆಣ್ಣೆಹಣ್ಣಿದೆ, ಕ್ವೆಟ್ಜಾಲ್ ಯಾಕಿಲ್ಲ?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ನಮ್ಮ ತೋಟವಿದೆ. ಅಲ್ಲಿ ಬೆಣ್ಣೆಹಣ್ಣಿನ ಮರಗಳೂ ಇವೆ. ಮೊನ್ನೆ ಮೊಬೈಲ್‌ನಲ್ಲಿ ಕ್ವೆಟ್ಜಾಲ್ ಅನ್ನೋ ಉದ್ದ ಬಾಲದ ಹಸಿರು ಹಕ್ಕಿಯ ವಿಡಿಯೊ ನೋಡಿದೆ. ಅದಕ್ಕೆ ಬೆಣ್ಣೆಹಣ್ಣೇ ಪ್ರಾಣವಂತೆ. ತಂದು ಬಿಟ್ಟರೆ ನಮ್ಮಲ್ಲಿ ಬದುಕಲ್ವಾ ಸರ್?

ಉತ್ತರ: ಬದುಕಲ್ಲ. ಮೊದಲನೆಯದಾಗಿ, ನಿಮ್ಮ ಬೆಣ್ಣೆಹಣ್ಣು ಅದರ ಬಾಯಿಗೇ ಹಿಡಿಯುವುದಿಲ್ಲ! ಕ್ವೆಟ್ಜಾಲ್ ತಿನ್ನುವುದು ಕಾಡು ಬೆಣ್ಣೆಹಣ್ಣು. ಅದೇ ಕುಟುಂಬದ್ದು ನಿಜ, ಆದರೆ ದೊಡ್ಡ ನೇರಳೆಹಣ್ಣಿನಷ್ಟೇ ಇರುತ್ತದೆ. ಒಳಗೆಲ್ಲಾ ಬೀಜ, ಮೇಲೆ ತೆಳ್ಳಗೆ ತಿರುಳು. ಹಕ್ಕಿ ಕೊಂಬೆಯಿಂದ ಹಾರಿ, ರೆಕ್ಕೆ ಬಡಿಯುತ್ತಲೇ ಹಣ್ಣು ಕಿತ್ತು, ವಾಪಸ್ ಬಂದು ಕೂತು ಇಡಿಯಾಗಿ ನುಂಗುತ್ತದೆ. ತಿರುಳು ಕರಗಿದ ಮೇಲೆ ಬೀಜವನ್ನು ಬಾಯಿಂದಲೇ ಉಗುಳುತ್ತದೆ. ಅಷ್ಟರಲ್ಲಿ ಅದು ಬೇರೆ ಮರಕ್ಕೆ ಹೋಗಿದ್ದರೆ ಬೀಜವೂ ಅಲ್ಲೇ ಬೀಳುತ್ತದೆ. ಕಾಡು ಬೆಳೆಯುವುದು ಹೀಗೆ.

ವಿಡಿಯೊದಲ್ಲಿ ನೀವು ನೋಡಿದ್ದು ಗಂಡು. ಆ ಉದ್ದದ ಗರಿಗಳು ಅಸಲಿಗೆ ಬಾಲವೇ ಅಲ್ಲ, ಬಾಲದ ಬುಡ ಮುಚ್ಚುವ ಗರಿಗಳು. ಮೈ 40 ಸೆಂ.ಮೀ. ಇದ್ದರೆ ಅವು 60 ಸೆಂ.ಮೀ. ದಾಟುವುದೂ ಉಂಟು.

ಇದರ ಊರು ದಕ್ಷಿಣ ಮೆಕ್ಸಿಕೊದಿಂದ ಪಶ್ಚಿಮ ಪನಾಮದವರೆಗಿನ ಬೆಟ್ಟಗಳು. ಗ್ವಾಟೆಮಾಲಾದಲ್ಲಿ ಇದು ರಾಷ್ಟ್ರಪಕ್ಷಿ, ಅಲ್ಲಿನ ದುಡ್ಡಿಗೂ ಇದರದ್ದೇ ಹೆಸರು. ಹೆಚ್ಚಾಗಿ 1,200 ಮೀಟರ್‌ಗಿಂತ ಎತ್ತರದಲ್ಲಿ, ಮೋಡ ಮರಗಳಿಗೇ ತಾಗಿಕೊಂಡಿರುವ ತಂಪು ಕಾಡಿನಲ್ಲಿ ಮರಿ ಮಾಡುತ್ತದೆ. ನಮ್ಮ ಮೈಸೂರು ಇರುವುದು ಸುಮಾರು 770 ಮೀಟರ್‌ನಲ್ಲಿ. ಅದೂ ಅಲ್ಲದೆ ಒಂದೇ ಕಾಡು ಇದ್ದರೆ ಸಾಲದು. ಕೋಸ್ಟರಿಕಾದ ಮೊಂಟೆವರ್ಡೆಯಲ್ಲಿ ಮರಿ ಮಾಡುವ ಕ್ವೆಟ್ಜಾಲ್‌ಗಳು ಆಮೇಲೆ ಹಣ್ಣು ಹುಡುಕಿಕೊಂಡು ಬೆಟ್ಟ ಇಳಿಯುತ್ತವೆ. ಮೇಲಿನ ಕಾಡು ಉಳಿಸಿ ಕೆಳಗಿನದನ್ನು ಕಡಿದರೆ ಅವಕ್ಕೆ ಹೊಟ್ಟೆಗಿಲ್ಲ.

ಗೂಡಿನದೂ ಒಂದು ತಾಪತ್ರಯ. ಕೊಕ್ಕು ಅಷ್ಟೇನೂ ಗಟ್ಟಿಯಿಲ್ಲ, ಹಾಗಾಗಿ ಕೊಳೆತು ಮೆತ್ತಗಾದ ಮರದಲ್ಲೇ ಪೊಟರೆ ಕೊರೆಯಬೇಕು.

ಇದರ ಸಂಬಂಧಿಯನ್ನೇ ನೋಡಬೇಕೆಂದರೆ ನಾಗರಹೊಳೆ ಕಡೆ ಹೋಗಿ. ಅಲ್ಲಿ ಮಲಬಾರ್ ಟ್ರೋಗನ್ ಇದೆ. ಗಂಡಿಗೆ ಕಪ್ಪು ತಲೆ, ಕೆಂಪು ಹೊಟ್ಟೆ, ಮಧ್ಯೆ ಒಂದು ಬಿಳಿ ಪಟ್ಟಿ. ಇದು ಹಣ್ಣಿಗಿಂತ ಹುಳುಹುಪ್ಪಟೆಯನ್ನೇ ಜಾಸ್ತಿ ತಿನ್ನುತ್ತದೆ. ಅಲುಗಾಡದೆ ಕೂರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ.

ನಿಮ್ಮ ತೋಟಕ್ಕೆ ಹಣ್ಣು ತಿನ್ನುವ ಹಕ್ಕಿಯೇ ಬೇಕು ಅಂದರೆ ಕುಟ್ರುಹಕ್ಕಿ ಸಾಕಲ್ವಾ? ಬೇಲಿ ಸಾಲಿನ ಅತ್ತಿ, ಆಲ, ಗೋಣಿ ಮರ ಕಡಿಯಬೇಡಿ. ಒಣಗಿದ ಕೊಂಬೆಯನ್ನೂ, ಯಾರ ತಲೆ ಮೇಲೂ ಬೀಳುವಂತಿಲ್ಲದಿದ್ದರೆ, ಸುಮ್ನೆ ಹಾಗೇ ಬಿಡಿ. ಗೂಡು ಕೊರೆಯಲು ಅದಕ್ಕೆ ಅದೇ ಬೇಕು.