ಓದುಗರ ಪ್ರಶ್ನೆ: ಮೊದಲು ಮಣಿಯ ತೂತು ನೋಡಿ

ಈ ಸಲ ಬಂದ ಪತ್ರಗಳೆಲ್ಲ ರೋಮನ್ನರ ಆಳ್ವಿಕೆ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ನೆಲೆಸಿದ ಆಂಗ್ಲೋ-ಸ್ಯಾಕ್ಸನ್ ಜನರ ಸಮಾಧಿಗಳಲ್ಲಿ ಸಿಗುವ, 5ರಿಂದ 7ನೆಯ ಶತಮಾನದ ಗಾಜಿನ ಮಣಿಗಳ ಕುರಿತಾದವು. ಅಂಥ ಮಣಿಗಳನ್ನು ಮತ್ತೆ ಮಾಡಿ ನೋಡುವ ಹುಚ್ಚಿನಲ್ಲಿ 11 ವರ್ಷ ಬೆರಳು ಸುಟ್ಟುಕೊಂಡ ಅನುಭವವಷ್ಟೇ ನನ್ನ ಬಂಡವಾಳ.

ಪ್ರಶ್ನೆ: ಗ್ಯಾಸ್ ಟಾರ್ಚ್‌ನಲ್ಲಿ ಹಳೆಯ ಮಣಿಗಳ ನಕಲು ಮಾಡುತ್ತಿದ್ದೇನೆ. ಬಣ್ಣ, ಗಾತ್ರ ಎಲ್ಲವೂ ಸರಿಯಾಗಿವೆ. ಆದರೂ ಮೂಲದ ಚಿತ್ರದ ಪಕ್ಕದಲ್ಲಿಟ್ಟರೆ ನನ್ನದು ನಿನ್ನೆ ಅಂಗಡಿಯಿಂದ ತಂದಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ನಿಮ್ಮ ಪತ್ರದಲ್ಲಿ ಬಣ್ಣದ ಬಗ್ಗೆ ಎರಡು ಪುಟಗಳಿವೆ, ತೂತಿನ ಬಗ್ಗೆ ಒಂದು ಸಾಲೂ ಇಲ್ಲ. ನಾನೂ ಹಾಗೆಯೇ ಇದ್ದೆ. ಮೊದಲ ಸಲ ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಮಣಿಗಳ ತಟ್ಟೆಯನ್ನು ಮುಂದಿಟ್ಟಾಗ ಅರ್ಧ ಗಂಟೆ ಮೇಲಿನ ಚಿತ್ತಾರವನ್ನೇ ನೋಡುತ್ತಾ ಕುಳಿತಿದ್ದೆ. ಅಲ್ಲಿನ ಮೇಲ್ವಿಚಾರಕಿ ಏನೂ ಹೇಳದೆ ಒಂದು ಮಣಿಯನ್ನು ತಿರುಗಿಸಿ, ತೂತು ನನ್ನ ಕಡೆ ಬರುವಂತೆ ಇಟ್ಟು, ಭೂತಗನ್ನಡಿಯನ್ನು ಕೈಗೆ ಕೊಟ್ಟರು. ತೂತು ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು. ಒಳಗೋಡೆಗೆ ಕಂದು ಪುಡಿ ಕಚ್ಚಿಕೊಂಡಿತ್ತು. ಗಾಜಿನೊಳಗಿನ ಗುಳ್ಳೆಗಳು ತೂತನ್ನು ಬಳಸಿ ಬಳೆಯ ಹಾಗೆ ಸುತ್ತು ಹಾಕಿದ್ದವು.

ಅಷ್ಟು ಸಾಕಾಯಿತು. ತುದಿಗೆ ಸಣ್ಣಗಾಗುತ್ತಾ ಹೋಗುವ ಕಬ್ಬಿಣದ ಸಲಾಕೆಗೆ ಕರಗಿದ ಗಾಜನ್ನು ಸುತ್ತಿ ಮಾಡಿದ ಮಣಿ ಅದು. ಗಾಜಿನ ಕೊಳವೆಯನ್ನು ಎಳೆದು ತುಂಡರಿಸಿದ ಮಣಿಯಾಗಿದ್ದರೆ ಗುಳ್ಳೆಗಳು ತೂತಿನ ಉದ್ದಕ್ಕೇ ಎಳೆದಂತೆ ಇರುತ್ತಿದ್ದವು. ನೀವು ಬಳಸುತ್ತಿರುವುದು ಉದ್ದಕ್ಕೂ ಒಂದೇ ದಪ್ಪದ ಸ್ಟೀಲ್ ಕಡ್ಡಿ. ಅದರಿಂದ ಬರುವ ತೂತು ನೇರ, ಎರಡೂ ತುದಿಗಳು ಒಳಕ್ಕೆ ಮಡಚಿಕೊಂಡು ಅಂದವಾಗಿರುತ್ತವೆ. ಇಂದಿನ ಮಣಿಗಾರರಿಗೆ ಅದೇ ಹೆಮ್ಮೆ, ನಿಮಗೆ ಅದೇ ಶತ್ರು. ಕಮ್ಮಾರರಿಂದ ಚೂಪಾದ ಕಬ್ಬಿಣದ ಸಲಾಕೆ ಮಾಡಿಸಿಕೊಳ್ಳಿ. ಅದಕ್ಕೆ ತೆಳುವಾಗಿ ಜೇಡಿಮಣ್ಣು ಬಳಿದು, ಚೆನ್ನಾಗಿ ಒಣಗಿಸಿ ಸುತ್ತಲು ಶುರು ಮಾಡಿ. ಹಸಿ ಇದ್ದರೆ ಮಣ್ಣು ಸಿಡಿಯುತ್ತದೆ.

ಇನ್ನೊಂದು ಮಾತು. ಒಂದನ್ನೊಂದು ದಾಟುವ ಎರಡು ಅಲೆಗೆರೆಗಳ ಮಣಿಯನ್ನು ನೋಡಿದ್ದೀರಲ್ಲ? ಅಲೆ ಶುರುವಾದ ಜಾಗಕ್ಕೇ ಬಂದು ಮುಗಿಯಬೇಕು. ಹಳೆಯ ಕೈಗಳಲ್ಲಿ ಅದು ಸದಾ ಸರಿಯಾಗಿ ಕೂಡುತ್ತಿರಲಿಲ್ಲ. ಕಾಗದದ ಅಂಚಿನಲ್ಲಿ ಅಕ್ಷರಗಳು ಮುದುಡಿಕೊಳ್ಳುವಂತೆ ಕೊನೆಯ ಅಲೆ ಮುದುಡಿರುತ್ತದೆ. ನೀವು ಮೊದಲೇ ಎಂಟು ಚುಕ್ಕೆ ಗುರುತು ಹಾಕಿಕೊಂಡು ಗೆರೆ ಎಳೆಯುತ್ತೀರಿ ಎಂದು ಬರೆದಿದ್ದೀರಿ. ಬಿಟ್ಟುಬಿಡಿ. ಹಾಗೆಂದು ಬೇಕೆಂದೇ ಸೊಟ್ಟ ಮಾಡಲೂ ಹೋಗಬೇಡಿ, ನಟನೆ ಗಾಜಿನಲ್ಲೂ ಗೊತ್ತಾಗುತ್ತದೆ. ಗುರುತಿಲ್ಲದೆ ಬೇಗ ಬೇಗ ಐವತ್ತು ಮಣಿ ಮಾಡಿ. ಸೊಟ್ಟ ತಾನಾಗಿ ಬರುತ್ತದೆ.

ಪ್ರಶ್ನೆ: ಇದ್ದಿಲಿನ ಕುಲುಮೆ ಕಟ್ಟಿದೆ. ಹಸಿರು-ನೀಲಿ ಗಾಜಿನ ಮೇಲೆ ಕೆಂಪು ಪೊರೆ ಬರುತ್ತಿದೆ, ಹಳದಿ ಬಿಳಿಚಿಕೊಳ್ಳುತ್ತಿದೆ. ಗಾಜು ಕಲಬೆರಕೆಯದೇ?

ಗಾಜು ಸರಿಯಾಗಿದೆ, ಬೆಂಕಿ ಆಟವಾಡುತ್ತಿದೆ. ಹಸಿರು-ನೀಲಿಯನ್ನು ಕೊಡುವುದೂ ತಾಮ್ರ, ಇಟ್ಟಿಗೆಗೆಂಪನ್ನು ಕೊಡುವುದೂ ತಾಮ್ರವೇ. ಗಾಳಿ ಸಾಕಷ್ಟಿದ್ದಾಗ ಅದು ಹಸಿರು-ನೀಲಿ. ಇದ್ದಿಲಿನ ಹೊಗೆಯಲ್ಲಿ ಆಮ್ಲಜನಕ ಸಾಲದಾದಾಗ ಸೂಕ್ಷ್ಮ ಕಣಗಳಾಗಿ ಬೇರ್ಪಟ್ಟು ಕೆಂಪು. ನನ್ನ ಮೊದಲ ಕುಲುಮೆಯಲ್ಲಿ ಮೂರು ಗಂಟೆ ಕುಳಿತು ಮಾಡಿದ ಹಸಿರು ಮಣಿಗಳೆಲ್ಲ ಹಳೆಯ ರಕ್ತದ ಕಲೆ ಹೊತ್ತು ಹೊರಬಂದವು. ಮಣಿಯನ್ನು ಕೆಂಡಕ್ಕೆ ತಾಗಿಸದೆ ಮೇಲೆ ಹಿಡಿಯಿರಿ, ತಿದಿಯ ಗಾಳಿಯನ್ನು ಹೆಚ್ಚಿಸಿ, ಹಸಿರು ಉಳಿಯುತ್ತದೆ. ಕೆಂಪು ಬೇಕಾದಾಗ ಇದೇ ಕಾಟ ವರವಾಗುತ್ತದೆ.

ಹಳದಿಯದು ಬೇರೆ ಕಥೆ. ಆ ಕಾಲದ ಅಪಾರದರ್ಶಕ ಹಳದಿ, ಸೀಸ ಮತ್ತು ತವರ ಸೇರಿ ಆದ ಹರಳುಗಳಿಂದ ಬರುವ ಬಣ್ಣ. ಅತಿಯಾಗಿ ಕಾಯಿಸಿದರೆ ಆ ಹರಳು ಕರಗಿ, ತವರದ ಆಕ್ಸೈಡ್ ಬೇರ್ಪಟ್ಟು ಬಿಳಿಚಿಕೊಳ್ಳುತ್ತದೆ. ಹಾಗಾಗಿ ಹಳದಿಯನ್ನು ಕೊನೆಗೆ ಹಚ್ಚಿ, ಬೇಗ ಹೊರಗೆ ತೆಗೆಯಿರಿ. ಸೀಸವಿರುವ ಗಾಜನ್ನು, ಅದರಲ್ಲೂ ಇದ್ದಿಲಿನ ಬೆಂಕಿಯಲ್ಲಿ, ಮನೆಯೊಳಗೆ ಖಂಡಿತ ಮಾಡಬೇಡಿ.

ಪ್ರಶ್ನೆ: ಆಂಗ್ಲೋ-ಸ್ಯಾಕ್ಸನ್ನರು ಗಾಜನ್ನು ಮರಳಿನಿಂದ ತಾವೇ ತಯಾರಿಸುತ್ತಿದ್ದರೇ? ನಾನೂ ಅಲ್ಲಿಂದಲೇ ಆರಂಭಿಸಬೇಕೆಂದಿದ್ದೇನೆ.

ಬೇಡ. ಅವರೇ ಅಲ್ಲಿಂದ ಆರಂಭಿಸಲಿಲ್ಲ. ಮರಳಿಗೆ ನೇಟ್ರಾನ್ ಎಂಬ ಸೋಡಾ ಲವಣವನ್ನು ಬೆರೆಸಿ ಕಚ್ಚಾ ಗಾಜು ಮಾಡುತ್ತಿದ್ದುದು ಈಜಿಪ್ಟ್ ಮತ್ತು ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ. ಪಶ್ಚಿಮದವರು ಅದನ್ನು, ಇಲ್ಲವೇ ಒಡೆದ ರೋಮನ್ ಪಾತ್ರೆಗಳ ಚೂರುಗಳನ್ನು ಮತ್ತೆ ಕರಗಿಸುತ್ತಿದ್ದರು. ಉತ್ತರ ಇಂಗ್ಲೆಂಡಿನ ವೇರ್‌ಮತ್ ಮಠಕ್ಕೆ ಕಿಟಕಿ ಹಾಕಿಸಲು ಅದರ ಸ್ಥಾಪಕ ಬೆನೆಡಿಕ್ಟ್ ಬಿಸ್ಕಪ್ 7ನೆಯ ಶತಮಾನದಲ್ಲಿ ಗಾಲ್ ದೇಶದಿಂದ (ಇಂದಿನ ಫ್ರಾನ್ಸ್ ಕಡೆಯಿಂದ) ಗಾಜಿನ ಕೆಲಸಗಾರರನ್ನು ಕರೆಸಬೇಕಾಯಿತು ಎಂದು ಆ ಕಾಲದ ಸನ್ಯಾಸಿ-ಇತಿಹಾಸಕಾರ ಬೀಡ್ ಬರೆದಿದ್ದಾನೆ. ಮಣಿಗಳಲ್ಲೂ ಎಷ್ಟೋ ಯೂರೋಪ್ ಖಂಡದ ಕಡೆಯಿಂದ ಬಂದವು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮಣಿ ತಯಾರಿಕೆಯ ಅವಶೇಷಗಳು ಸಿಕ್ಕಿವೆ. 8ನೆಯ ಶತಮಾನದ ಡೆನ್ಮಾರ್ಕಿನ ರೀಬೆಯಲ್ಲಂತೂ ರೋಮನ್ ಮೊಸಾಯಿಕ್‌ನ ಬಿಲ್ಲೆಗಳನ್ನೇ ಕರಗಿಸಿ ಮಣಿ ಮಾಡುತ್ತಿದ್ದರು. ‘ಆಂಗ್ಲೋ-ಸ್ಯಾಕ್ಸನ್ ಮಣಿ’ ಎಂಬ ಹೆಸರು ಬಂದದ್ದು ಮಣಿ ತೊಟ್ಟವರಿಂದ. ಮಾಡಿದವರೂ ಅವರೇ ಎಂದು ಪ್ರತಿ ಮಣಿಗೂ ಹೇಳುವಂತಿಲ್ಲ. ನೀವು ಸಿದ್ಧ ಗಾಜನ್ನು ಕೊಂಡರೆ ಸಂಪ್ರದಾಯವನ್ನು ಮುರಿದಂತಾಗುವುದಿಲ್ಲ.

ಪ್ರಶ್ನೆ: ಬಾಟಲಿ ಗಾಜಿನ ಮೇಲೆ ಇಟಲಿಯ ಬಣ್ಣದ ಗಾಜು ಹಚ್ಚಿದೆ. ಮರುದಿನ ಮಣಿ ಎರಡು ಹೋಳು.

ಕಾಯ್ದಾಗ ಹಿಗ್ಗುವ, ಆರಿದಾಗ ಕುಗ್ಗುವ ಪ್ರಮಾಣ ಎರಡಕ್ಕೂ ಬೇರೆ. ಒಂದೇ ಜಾತಿಯ ಗಾಜಿಗೆ ಅಂಟಿಕೊಳ್ಳಿ, ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಿಂದ ನಿಧಾನವಾಗಿ ಆರಿಸಿ. ಬಿಸಿ ಬೂದಿಯಲ್ಲಿ ಹೂತರೂ ನನ್ನ ಸಣ್ಣ ಮಣಿಗಳು ಉಳಿದಿವೆ, ದೊಡ್ಡವು ಕೈಕೊಟ್ಟಿವೆ.

ಪ್ರಶ್ನೆ: ಮಾದರಿಗೆಂದು ಒಂದೆರಡು ಅಸಲಿ ಮಣಿಗಳನ್ನು ಕೊಳ್ಳಬಹುದೇ?

ನಾನು ಕೊಳ್ಳುವುದಿಲ್ಲ. ಇಂಥ ಮಣಿಗಳು ಹೆಚ್ಚಾಗಿ ಸಿಗುವುದು ಹೆಂಗಸರ ಸಮಾಧಿಗಳಲ್ಲಿ, ಭುಜದ ಎರಡು ಪದಕಪಿನ್ನುಗಳ ನಡುವೆ ಸರವಾಗಿ ತೂಗುತ್ತಿದ್ದ ಜಾಗದಲ್ಲಿ. ಯಾವ ಮಣಿ ಯಾವುದರ ಜೊತೆಗೆ ಸಿಕ್ಕಿತು ಎಂಬುದರಿಂದಲೇ ಪುರಾತತ್ವಜ್ಞೆ ಬಿರ್ಟೆ ಬ್ರುಗ್‌ಮನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳ ಕಾಲವನ್ನು ಹಂತಹಂತವಾಗಿ ಜೋಡಿಸಿದರು. ಕೆಂಪು-ಹಳದಿ-ಹಸಿರಿನ ಒಂದು ಬಗೆಗೆ ಅಲ್ಲಿ ‘ಟ್ರಾಫಿಕ್ ಲೈಟ್’ ಎಂದೇ ಹೆಸರು. ಸರದಿಂದ ಬಿಡಿಸಿ ಮಾರಿದ ಮಣಿಗೆ ಆ ನಂಟೆಲ್ಲ ಹೋಗಿರುತ್ತದೆ. ಸಂಗ್ರಹಾಲಯಕ್ಕೆ ಪತ್ರ ಬರೆದು ಕೇಳಿ, ತೋರಿಸುವವರು ಇದ್ದಾರೆ.

ಪ್ರಶ್ನೆ: ಒಂದು ಮಣಿಗೆ ಎಷ್ಟು ಹೊತ್ತು ಬೇಕು?

ಟಾರ್ಚ್‌ನಲ್ಲಿ ಸಾದಾ ಮಣಿಗೆ ಮೂರು ನಿಮಿಷ, ಅಲೆಗೆರೆಯದಕ್ಕೆ ಇಪ್ಪತ್ತು. ಇದ್ದಿಲಿನಲ್ಲಾದರೆ ಲೆಕ್ಕ ಹಾಕಬೇಡಿ, ತಿದಿ ಊದಲು ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಹೋದ ತಿಂಗಳು ಮಗಳು ಎರಡು ಗಂಟೆ ಊದಿದಳು. ನಾಲ್ಕು ಮಣಿ ಬಂದವು, ಒಂದು ಚೆನ್ನಾಗಿತ್ತು, ಅದನ್ನು ಅವಳು ತೆಗೆದುಕೊಂಡಳು.